ಕಂಪ್ಯೂಟರ್ ಕೆಟ್ಟಿದೆ, ಒಳಗಿನ ಫೈಲ್ ಬೇಕು: ಹಾರ್ಡ್ ಡಿಸ್ಕಿನಿಂದ ಹೊರತೆಗೆಯುವುದು ಹೇಗೆ?

ಏಪ್ರಿಲ್‌ನಲ್ಲಿ ಸಿಡಿಲು, ಜುಲೈನಲ್ಲಿ ಥಂಡಿ. ಕೊಡಗಿನಲ್ಲಿ ಕಂಪ್ಯೂಟರ್ ಸಾಯುವುದಕ್ಕೆ ಎರಡು ಸೀಸನ್ ಇದೆ. ಎರಡೂ ಸೀಸನ್ನಿನಲ್ಲಿ ನನಗೆ ಬರುವ ಫೋನ್ ಒಂದೇ ತರಹ: "ಕಂಪ್ಯೂಟರ್ ಹೋದ್ರೆ ಹೋಗ್ಲಿ, ಒಳಗಿರೋದು ಸಿಗುತ್ತಾ?" ಒಳಗಿರೋದು ಅಂದರೆ ತೋಟದ ಟ್ಯಾಲಿ ಲೆಕ್ಕ. ಇಲ್ಲದಿದ್ದರೆ ಮಗಳ ಮದುವೆ ಫೋಟೋ. ಅದೂ ಅಲ್ಲದಿದ್ದರೆ ಐನ್‌ಮನೆಯ (ಕೊಡವರ ಮೂಲ ಮನೆ) ಹಿರಿಯರೊಬ್ಬರು ವರ್ಷಗಟ್ಟಲೆ ಕೂತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಒಕ್ಕದ (ಕುಲದ) ವಂಶಾವಳಿ.

ಫೋನಿನಲ್ಲಿ ಎಲ್ಲರಿಗೂ ಅದೇ ಉತ್ತರ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಸಮಾಧಾನದ ಮಾತು. ಬಹಳಷ್ಟು ಸಲ ಕೆಟ್ಟಿರುವುದು ಕಂಪ್ಯೂಟರ್, ಡಿಸ್ಕ್ ಅಲ್ಲ. ಕರೆಂಟ್ ಕೊಡುವ ಡಬ್ಬಿ (ಎಸ್‌ಎಂಪಿಎಸ್), ಮದರ್‌ಬೋರ್ಡ್, ಪರದೆ ಇವೆಲ್ಲ ಬೇರೆ, ಫೈಲ್ ಕೂರುವ ಹಾರ್ಡ್ ಡಿಸ್ಕ್ ಬೇರೆ. ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಿದರೆ ಫೈಲ್‌ಗಳು ಇದ್ದಲ್ಲೇ ಇರುತ್ತವೆ.

ಇನ್ನು ಬೈಯುವ ಮಾತು. ಫೈಲ್ ಶಾಶ್ವತವಾಗಿ ಹೋಗುವುದು ಸಿಡಿಲಿನಿಂದ ಕಡಿಮೆ, ಸಿಡಿಲು ಬಡಿದ ಮೇಲಿನ ಒಂದು ಗಂಟೆಯಲ್ಲಿ ನಾವು ಮಾಡುವ ಕೆಲಸದಿಂದ ಜಾಸ್ತಿ. ಹತ್ತು ಸಲ ಆನ್ ಮಾಡಿ ನೋಡುವುದು. ಪರದೆ ಮೇಲೆ ಬಂದದ್ದಕ್ಕೆಲ್ಲ 'ಓಕೆ' ಒತ್ತುವುದು. ಅಂಗಡಿಗೆ ಕೊಟ್ಟು "ಸರಿ ಮಾಡಿ ಇಟ್ಟಿರಿ, ಸಂತೆ ಮುಗಿಸಿ ಬರ್ತೀನಿ" ಅನ್ನುವುದು. ಅಂಗಡಿಯವರಿಗೆ ಸರಿ ಮಾಡುವುದು ಅಂದರೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುವುದು. ಅವರ ತಪ್ಪೂ ಅಲ್ಲ, ನೀವು ಕೇಳಿದ್ದೇ ಅದನ್ನು. ಅಂಗಡಿಗೆ ಕೊಡುವುದಾದರೆ 'ಫೈಲ್ ಬೇಕು, ಫಾರ್ಮ್ಯಾಟ್ ಬೇಡ' ಅಂತ ಚೀಟಿ ಬರೆದು ಸಿಪಿಯು ಡಬ್ಬಿಯ ಮೇಲೆ ಟೇಪ್ ಹಾಕಿ ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ.

ಹಂತ 1: ಆಫ್ ಮಾಡಿ, ಪ್ಲಗ್ ಕೀಳಿ

ಸ್ವಿಚ್ ಆಫ್ ಅಷ್ಟೇ ಸಾಲದು, ಗೋಡೆಯಿಂದ ಪ್ಲಗ್ ತೆಗೆಯಿರಿ. ಇಂಟರ್‌ನೆಟ್ ಕೇಬಲ್ಲೂ ತೆಗೆಯಿರಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಲ್ಯಾಪ್‌ಟಾಪ್ ಆದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಪೂರ್ತಿ ಆರಿಸಿ.

ಈಗ ಒಂದು ಕಾಫಿ ಕುಡಿಯುತ್ತಾ ಯೋಚನೆ ಮಾಡಿ: ಈ ಫೈಲ್‌ಗಳು ಬೇರೆ ಎಲ್ಲಾದರೂ ಇವೆಯೇ? ಕಳೆದ ವರ್ಷದ ಟ್ಯಾಲಿ ಬ್ಯಾಕಪ್ ನಿಮ್ಮ ಆಡಿಟರ್ ಬಳಿ ಇರುವ ಸಂಭವ ಜಾಸ್ತಿ. ಬ್ಯಾಂಕಿಗೆ, ವಕೀಲರಿಗೆ ಕಳಿಸಿದ ಕಾಗದಗಳು ಜಿಮೇಲ್‌ನ 'ಸೆಂಟ್' ಪೆಟ್ಟಿಗೆಯಲ್ಲಿರುತ್ತವೆ. ವಿಂಡೋಸ್ 10 ಅಥವಾ 11ಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುತ್ತಿದ್ದರೆ, ನಿಮಗೇ ಗೊತ್ತಿಲ್ಲದೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ (ಮೈಕ್ರೋಸಾಫ್ಟಿನ ಆನ್‌ಲೈನ್ ಉಗ್ರಾಣ) ಹೋಗಿ ಕೂತಿರಬಹುದು. ಮೊಬೈಲ್‌ನಲ್ಲೇ ಒನ್‌ಡ್ರೈವ್ ತೆರೆದು ನೋಡಿ. ಇಲ್ಲಿಗೇ ಕೆಲಸ ಮುಗಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಂತ 2: ರೋಗ ಎಲ್ಲಿದೆ, ಪತ್ತೆ ಮಾಡಿ

ಡೆಸ್ಕ್‌ಟಾಪ್ ಆದರೆ ಪಕ್ಕದ ಮುಚ್ಚಳ ಬಿಚ್ಚಿ. ಮೂಸಿ ನೋಡಿ. ಸುಟ್ಟ ವಾಸನೆ ಎಸ್‌ಎಂಪಿಎಸ್ ಡಬ್ಬಿಯಿಂದ ಬರುತ್ತಿದ್ದರೆ ಒಳ್ಳೆಯ ಸುದ್ದಿ, ಅಡ್ಡ ಬಿದ್ದು ಪೆಟ್ಟು ತಿಂದದ್ದು ಅದು ಇರಬಹುದು. ಡಿಸ್ಕಿನ ಹಸಿರು ಬೋರ್ಡಿನಿಂದಲೇ ಬರುತ್ತಿದ್ದರೆ ನೇರ 8ನೇ ಹಂತಕ್ಕೆ ಹೋಗಿ.

ಯಾವ ಪರೀಕ್ಷೆಗೂ ಮೊದಲು ಡಿಸ್ಕಿನ ಎರಡೂ ಕೇಬಲ್ ಕಳಚಿಡಿ. ಅಗಲದ್ದು ಕರೆಂಟಿನದು, ಸಣ್ಣದು ಡೇಟಾದ್ದು (ಇದನ್ನು ಸಾಟಾ ಕೇಬಲ್ ಅನ್ನುತ್ತಾರೆ). ಕಂಪ್ಯೂಟರ್ ಜೊತೆ ಏನು ಆಟ ಆಡಿದರೂ ಆಗ ಡಿಸ್ಕಿಗೆ ತಗಲುವುದಿಲ್ಲ.

ಮಳೆಗಾಲದಲ್ಲಿ ಸತ್ತ ಡೆಸ್ಕ್‌ಟಾಪ್ ಆದರೆ ರ್‍ಯಾಮ್ ಪಟ್ಟಿ (ಮದರ್‌ಬೋರ್ಡಿಗೆ ಚುಚ್ಚಿರುವ ಮೆಮೊರಿ) ಕಿತ್ತು ಅದರ ಅಂಚನ್ನು ಬೆಳಕಿಗೆ ಹಿಡಿಯಿರಿ. ಚಿನ್ನದ ಬಣ್ಣದ ಹಲ್ಲುಗಳ ಸಾಲು ಇರುತ್ತದೆ. ನಮ್ಮ ಕಡೆ ಜುಲೈ ಹೊತ್ತಿಗೆ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಹಾಗೆ ಈ ಹಲ್ಲಿನ ಮೇಲೂ ಕಪ್ಪು ಪದರ ಕೂರುತ್ತದೆ. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಕೊಡವಿ, ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ಪರದೆ ಬಂತಾ? ಹಾಗಾದರೆ ಆಫ್ ಮಾಡಿ, ಡಿಸ್ಕಿನ ಕೇಬಲ್ ವಾಪಸ್ ಹಾಕಿ, ಆನ್ ಮಾಡಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಈ ಲೇಖನ ನಿಮಗೆ ಇಲ್ಲಿಗೆ ಮುಗಿಯಿತು.

ಕಂಪ್ಯೂಟರ್ ಆನ್ ಆಗುತ್ತದೆ, ಆದರೆ ವಿಂಡೋಸ್ ಬರುವುದಿಲ್ಲ ಅನ್ನುವುದಾದರೆ ಡಿಸ್ಕಿನ ಶಬ್ದ ಮುಖ್ಯ. ಡಿಸ್ಕಿನ ಕೇಬಲ್ ವಾಪಸ್ ಹಾಕಿ, ಒಮ್ಮೆ ಮಾತ್ರ, ಹೆಚ್ಚೆಂದರೆ ಅರ್ಧ ನಿಮಿಷ, ಆನ್ ಮಾಡಿ ಕಿವಿ ಹತ್ತಿರ ತನ್ನಿ.

ಸಣ್ಣ ಗುಂಯ್ ಸದ್ದು, ಮಧ್ಯೆ ಮಧ್ಯೆ ಕಿರಿಕಿರಿ: ಡಿಸ್ಕ್ ತಿರುಗುತ್ತಿದೆ, ಮುಂದುವರಿಯಬಹುದು.

ಗಡಿಯಾರದ ಹಾಗೆ ಒಂದೇ ಸಮನೆ ಟಕ್, ಟಕ್, ಟಕ್: ತಕ್ಷಣ ಆಫ್ ಮಾಡಿ. ಡಿಸ್ಕಿನ ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಎತ್ತರದಲ್ಲಿ ಓದುವ ತಲೆ ಹಾರುತ್ತಿರುತ್ತದೆ. ಇದಕ್ಕೆ ಹೆಡ್ ಅಂತ ಹೆಸರು. ಅದು ದಾರಿ ತಪ್ಪಿ ಹೋಗಿ ಬಂದು ಹೊಡೆದುಕೊಳ್ಳುವುದೇ ಆ ಟಕ್ ಸದ್ದು. ಇನ್ನೂ ಓಡಿಸಿದರೆ ತಟ್ಟೆಯನ್ನೇ ಕೆರೆಯುತ್ತದೆ. ಕೆರೆದು ಹೋದದ್ದನ್ನು ಯಾವ ಲ್ಯಾಬೂ ತಂದುಕೊಡಲ್ಲ. ನೀವೂ 8ನೇ ಹಂತಕ್ಕೆ.

ಸದ್ದೇ ಇಲ್ಲ: ಒಂದೋ ಡಿಸ್ಕಿನ ಬೋರ್ಡ್ ಹೋಗಿದೆ, ಇಲ್ಲವೇ ಅದು ಎಸ್‌ಎಸ್‌ಡಿ. ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವೇ ಇಲ್ಲದ, ಚಿಪ್‌ಗಳ ಡಿಸ್ಕ್. ಅದು ಚೆನ್ನಾಗಿದ್ದಾಗಲೂ ಮೌನವಾಗಿಯೇ ಇರುತ್ತದೆ.

ಹಂತ 3: ಬೇಕಾದ ಸಾಮಾನು ಜೋಡಿಸಿಕೊಳ್ಳಿ

ಚೆನ್ನಾಗಿರುವ ಇನ್ನೊಂದು ಕಂಪ್ಯೂಟರ್, ಆದಷ್ಟು ಲ್ಯಾಪ್‌ಟಾಪ್. ಮಧ್ಯೆ ಕರೆಂಟ್ ಹೋದರೆ ಬ್ಯಾಟರಿ ಕಾಪಾಡುತ್ತದೆ. ಫೈಲ್ ತುಂಬಿಕೊಳ್ಳಲು ಒಂದು ಖಾಲಿ ಎಕ್ಸ್‌ಟರ್ನಲ್ ಡಿಸ್ಕ್, ಕೆಟ್ಟ ಡಿಸ್ಕಿಗಿಂತ ದೊಡ್ಡದಿರಬೇಕು. ಸಣ್ಣ ನಕ್ಷತ್ರ-ಸ್ಕ್ರೂಡ್ರೈವರ್ ಸೆಟ್. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್ ಒಂದು, ಅದರಲ್ಲಿರುವುದೆಲ್ಲ ಅಳಿಸಿಹೋದರೂ ಪರವಾಗಿಲ್ಲ ಅನ್ನುವಂಥದ್ದು.

ಇನ್ನೊಂದು, ಡಿಸ್ಕಿನಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್. ಜನ ಎಡವುವುದು ಇಲ್ಲಿ. ಲ್ಯಾಪ್‌ಟಾಪ್ ಡಿಸ್ಕ್ ಎರಡೂವರೆ ಇಂಚಿನದು, ಯುಎಸ್‌ಬಿಯ ಕರೆಂಟೇ ಅದಕ್ಕೆ ಸಾಕು. ಡೆಸ್ಕ್‌ಟಾಪ್ ಡಿಸ್ಕ್ ಮೂರೂವರೆ ಇಂಚಿನದು, ಅದಕ್ಕೆ 12 ವೋಲ್ಟಿನ ಬೇರೆ ಕರೆಂಟ್ ಬೇಕು. ಬರೀ ಕೇಬಲ್ ಇರುವ ಅಗ್ಗದ ಅಡಾಪ್ಟರ್ ತಂದು ಡೆಸ್ಕ್‌ಟಾಪ್ ಡಿಸ್ಕಿಗೆ ಚುಚ್ಚಿ "ಡಿಸ್ಕ್ ಸತ್ತೇ ಹೋಗಿದೆ" ಅಂತ ತೀರ್ಮಾನಿಸಿದವರಿದ್ದಾರೆ. ಸತ್ತಿಲ್ಲ, ಹೊಟ್ಟೆಗೆ ಸಿಕ್ಕಿಲ್ಲ ಅಷ್ಟೇ. ಜೊತೆಗೆ ಪವರ್ ಅಡಾಪ್ಟರ್ ಇರುವುದನ್ನೇ ಕೇಳಿ ತನ್ನಿ, ಮತ್ತು ಅದನ್ನು ಯುಪಿಎಸ್ ಅಥವಾ ಇನ್ವರ್ಟರ್ ಲೈನಿಗೆ ಹಾಕಿ.

ಪಟ್ಟಿಯ ಆಕಾರದ, ಚ್ಯೂಯಿಂಗ್ ಗಮ್ಮಿನ ಅಳತೆಯ ಡಿಸ್ಕ್ ಸಿಕ್ಕರೆ ಅದು ಎಂ.2 ಎಸ್‌ಎಸ್‌ಡಿ. ಅದರಲ್ಲೂ ಸಾಟಾ ಮತ್ತು ಎನ್‌ವಿಎಂಇ ಅಂತ ಎರಡು ಜಾತಿ. ಡಿಸ್ಕಿನ ಮೇಲಿನ ಚೀಟಿ ಓದಿಕೊಂಡು ತಕ್ಕ ಯುಎಸ್‌ಬಿ ಡಬ್ಬಿ (ಎನ್‌ಕ್ಲೋಷರ್) ತನ್ನಿ. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಅನ್ನುವ ಚಿಪ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಬಿಚ್ಚಲು ಬರುವುದಿಲ್ಲ. ಲ್ಯಾಪ್‌ಟಾಪ್ ಆನ್ ಆಗುತ್ತಿದ್ದರೆ ಮಾತ್ರ, 5ನೇ ಹಂತದ ಪೆನ್‌ಡ್ರೈವ್ ದಾರಿ ಅದಕ್ಕೆ.

ಹಂತ 4: ಡಿಸ್ಕ್ ಬಿಚ್ಚಿ, ಇನ್ನೊಂದಕ್ಕೆ ಜೋಡಿಸಿ

ಲ್ಯಾಪ್‌ಟಾಪ್ ಆದರೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ಆಮೇಲೆ ಡಿಸ್ಕಿಗೆ ಕೈ ಹಾಕಿ. ಬಿಚ್ಚುವ ಸ್ಕ್ರೂಗಳು ಡಿಸ್ಕನ್ನು ಚೌಕಟ್ಟಿಗೆ ಹಿಡಿದಿರುವ ನಾಲ್ಕು ಮಾತ್ರ. ಡಿಸ್ಕಿನ ಮೇಲಿನ ಮುಚ್ಚಳದ ನಕ್ಷತ್ರ ಸ್ಕ್ರೂ ಮುಟ್ಟಬೇಡಿ. ಒಳಗೆ ಒಂದು ಧೂಳಿನ ಕಣ ಬಿದ್ದರೂ ಹೆಡ್ಡಿಗೆ ಅದು ಬಂಡೆ.

ಡಿಸ್ಕ್ ತಣ್ಣಗಿದ್ದರೆ ಕೋಣೆಯ ಬಿಸಿಗೆ ಬರಲು ಒಂದೆರಡು ಗಂಟೆ ಬಿಡಿ. ಹಾಗಂತ ಅಗ್ಗಿಷ್ಟಿಕೆ ಪಕ್ಕ ಇಡಬೇಡಿ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಹಳೇ ಮದ್ದು ಇನ್ನೂ ಓಡಾಡುತ್ತಿದೆ. ನಮ್ಮ ಹವೆಯಲ್ಲಿ ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟ ಎರಡು ನಿಮಿಷಕ್ಕೆ ಬೆವರುತ್ತದೆ, ಅಲ್ವಾ? ಡಿಸ್ಕೂ ಬೆವರುತ್ತದೆ, ಒಳಗೂ.

ಈಗ ಚೆನ್ನಾಗಿರುವ ಕಂಪ್ಯೂಟರ್‌ಗೆ ಅಡಾಪ್ಟರ್ ಮೂಲಕ ಜೋಡಿಸಿ. ಡಿಸ್ಕ್ ಮೇಜಿನ ಮೇಲೆ ಚಪ್ಪಟೆಯಾಗಿ, ಅಲುಗಾಡದಂತೆ ಇರಲಿ. ತಿರುಗುತ್ತಿರುವಾಗ ಕೈಯಲ್ಲೆತ್ತಿ ನೋಡಬೇಡಿ. ಮುಂದೆ ಆಗುವುದು ಈ ನಾಲ್ಕರಲ್ಲಿ ಒಂದು.

ಡ್ರೈವ್ ಕಾಣಿಸಿತು, ಫೋಲ್ಡರ್ ತೆರೆಯಿತು. ಒಳ್ಳೆಯದಾಯಿತು, 6ನೇ ಹಂತ ನೋಡಿ.

"ಈ ಫೋಲ್ಡರ್ ನೋಡಲು ನಿಮಗೆ ಅನುಮತಿ ಇಲ್ಲ, ಮುಂದುವರಿಯಲೇ?" ಅಂತ ಕೇಳಿತು. ಹಳೆಯ ಕಂಪ್ಯೂಟರಿನ ಬಳಕೆದಾರ ಬೇರೆ, ಇಲ್ಲಿನವರು ಬೇರೆ, ಅದಕ್ಕೆ. ಮುಂದುವರಿಸಿದರೆ ವಿಂಡೋಸ್ ಆ ಡಿಸ್ಕಿನ ಮೇಲೆ ಹೊಸ ಅನುಮತಿಗಳನ್ನು ಬರೆಯುತ್ತದೆ. ಗಟ್ಟಿಯಾದ ಡಿಸ್ಕ್ ಆದರೆ ಪರವಾಗಿಲ್ಲ. ಸದ್ದು ಅನುಮಾನ ಹುಟ್ಟಿಸಿದ್ದರೆ ಬೇಡ ಅನ್ನಿ, 5ನೇ ಹಂತದ ಲಿನಕ್ಸ್ (ವಿಂಡೋಸ್ ಬದಲು ಓಡುವ ಇನ್ನೊಂದು ವ್ಯವಸ್ಥೆ) ದಾರಿ ಹಿಡಿಯಿರಿ. ಅದು ಅನುಮತಿ ಕೇಳುವುದೇ ಇಲ್ಲ.

ನೀಲಿ ಪೆಟ್ಟಿಗೆಯಲ್ಲಿ 48 ಅಂಕಿಯ ಕೀ ಕೇಳಿತು. ಇದು ಬಿಟ್‌ಲಾಕರ್, ಅಂದರೆ ಇಡೀ ಡಿಸ್ಕಿಗೆ ಹಾಕಿದ ಬೀಗ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದಿದ್ದರೂ ಇದು ಬಿದ್ದಿರಬಹುದು. ಮೊದಲ ಸಲ ಲ್ಯಾಪ್‌ಟಾಪ್ ಸೆಟ್ ಮಾಡಿದ ಮೈಕ್ರೋಸಾಫ್ಟ್ ಖಾತೆಗೆ ಬ್ರೌಸರಿನಲ್ಲಿ ಲಾಗಿನ್ ಆಗಿ 'ಡಿವೈಸಸ್' ಪುಟದಲ್ಲಿ ಹುಡುಕಿ, ರಿಕವರಿ ಕೀ ಅಲ್ಲಿರುತ್ತದೆ. ಸೆಟ್ ಮಾಡಿಕೊಟ್ಟದ್ದು ಬೆಂಗಳೂರಿನಲ್ಲಿರುವ ಮಗನಾದರೆ ಅವನ ಖಾತೆಯಲ್ಲಿರುತ್ತದೆ, ಅವನಿಗೆ ಫೋನ್ ಮಾಡಿ. ಕೀ ಎಲ್ಲೂ ಇಲ್ಲ ಅಂದರೆ ಬೀಗ ಒಡೆಯಲು ಆಗುವುದಿಲ್ಲ. ಒಡೆದುಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ನಾಲ್ಕನೆಯದು: "ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಬೇಡ. 'ಕ್ಯಾನ್ಸಲ್' ಒತ್ತಿ. ವಿಂಡೋಸ್ ಕೇಳುತ್ತಿರುವ ಧಾಟಿ ನೋಡಿದರೆ ಬೇರೆ ದಾರಿಯೇ ಇಲ್ಲವೇನೋ ಅನ್ನಿಸುತ್ತದೆ. ಅದು ಹೇಳುತ್ತಿರುವುದು ಇಷ್ಟೇ: "ನನಗೆ ಈ ಡಿಸ್ಕಿನ ಪಟ್ಟಿ ಓದಲು ಬರುತ್ತಿಲ್ಲ." ಪಟ್ಟಿ ಅಂದರೆ ಪಹಣಿ ಇದ್ದ ಹಾಗೆ. ಯಾವ ಫೈಲ್ ಎಲ್ಲಿ, ಎಷ್ಟು ಜಾಗದಲ್ಲಿ ಅಂತ ಅದರಲ್ಲಿ ಬರೆದಿರುತ್ತದೆ. ಪಹಣಿ ಪುಸ್ತಕ ಹರಿದರೆ ತೋಟ ಎಲ್ಲೂ ಓಡಿಹೋಗಲ್ಲ. ಫಾರ್ಮ್ಯಾಟ್ ಮಾಡಿದರೆ ಅದೇ ಜಾಗಕ್ಕೆ ಹೊಸ ಖಾಲಿ ಪಹಣಿ ಬರೆದ ಹಾಗೆ. ಆಮೇಲೆ ಹೊಸಬರು ಬಂದು ಗಿಡ ನೆಟ್ಟರೆ ಹಳೇ ತೋಟ ಹೋಯಿತು.

'ಡಿಸ್ಕ್ ಸ್ಕ್ಯಾನ್ ಮಾಡಿ ಸರಿಪಡಿಸಲೇ?' ಅನ್ನುವುದಕ್ಕೂ ಬೇಡ ಅನ್ನಿ. ಈ ಸರಿಪಡಿಸುವ ಕೆಲಸದ ಹೆಸರು ಚೆಕ್‌ಡಿಸ್ಕ್. ಹೊಸದರಲ್ಲಿ ನಾನೇ ಒಂದು ಡಿಸ್ಕಿಗೆ ಇದನ್ನು ಓಡಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನೋಡಿದರೆ ಫೋಟೋ ಫೋಲ್ಡರ್ ಹೋಗಿ ಅರ್ಥವಿಲ್ಲದ ಹೆಸರಿನ ಸಾವಿರಾರು ತುಂಡು ಉಳಿದಿದ್ದವು. ಚೆಕ್‌ಡಿಸ್ಕ್‌ಗೆ ಬೇಕಿರುವುದು ಪಟ್ಟಿ ಅಚ್ಚುಕಟ್ಟಾಗಿರುವುದು. ನಿಮ್ಮ ಫೈಲ್ ಉಳಿಯುವುದು ಅದಕ್ಕೆ ಎರಡನೇ ಮಾತು.

ಹಂತ 5: ವಿಂಡೋಸ್ ಒಪ್ಪದಿದ್ದರೆ ಲಿನಕ್ಸ್ ಪೆನ್‌ಡ್ರೈವ್

ಉಬುಂಟು ಅಥವಾ ಲಿನಕ್ಸ್ ಮಿಂಟ್ (ಎರಡೂ ಲಿನಕ್ಸಿನ ಬಗೆಗಳು) ಉಚಿತವಾಗಿ ಸಿಗುತ್ತದೆ. ಚೆನ್ನಾಗಿರುವ ಕಂಪ್ಯೂಟರಿನಲ್ಲಿ ಅದನ್ನು ಇಳಿಸಿಕೊಂಡು ರೂಫಸ್ ಅನ್ನುವ ಸಣ್ಣ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಹಾಕಿ. ಇಳಿಸಬೇಕಾದ್ದು ಕೆಲವು ಜಿಬಿ ಇರುತ್ತದೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಬರೀ ಒಂದು ಗೆರೆ ಇದ್ದರೆ ಪೇಟೆಗೆ ಹೋದಾಗ ಮಾಡಿಕೊಂಡು ಬನ್ನಿ.

ಪೆನ್‌ಡ್ರೈವ್ ಚುಚ್ಚಿ ಆನ್ ಮಾಡುವಾಗ ಎಫ್12 ಅಥವಾ ಎಫ್9 ಅಥವಾ ಎಸ್ಕೇಪ್ ಒತ್ತುತ್ತಾ ಇದ್ದರೆ ಯಾವುದರಿಂದ ಶುರು ಮಾಡಲಿ ಅಂತ ಕೇಳುತ್ತದೆ. ಕಂಪನಿಯಿಂದ ಕಂಪನಿಗೆ ಗುಂಡಿ ಬೇರೆ. ಪೆನ್‌ಡ್ರೈವ್ ಆರಿಸಿ. ಆಮೇಲೆ 'ಟ್ರೈ' ಅಂದರೆ ಸುಮ್ನೆ ಬಳಸಿ ನೋಡುವುದು, 'ಇನ್‌ಸ್ಟಾಲ್' ಅಂದರೆ ಡಿಸ್ಕ್ ಅಳಿಸಿ ಕೂರುವುದು. ಯಾವಾಗಲೂ ಟ್ರೈ. ಲಿನಕ್ಸ್ ಮಿಂಟ್ ನೇರವಾಗಿ ಡೆಸ್ಕ್‌ಟಾಪ್ ತೋರಿಸಿ, ಇನ್‌ಸ್ಟಾಲ್ ಚಿತ್ರವನ್ನು ಅಲ್ಲೇ ಇಟ್ಟಿರುತ್ತದೆ. ಅದನ್ನು ಮುಟ್ಟಬೇಡಿ.

ವಿಂಡೋಸ್ ಹಾಳಾಗಿ ಡಿಸ್ಕ್ ಚೆನ್ನಾಗಿರುವ ಲ್ಯಾಪ್‌ಟಾಪಿಗೆ ಈ ದಾರಿ ಅಮೃತ. ಏನೂ ಬಿಚ್ಚಬೇಕಿಲ್ಲ.

ಹಂತ 6: ಏನನ್ನು, ಎಲ್ಲಿ ಹುಡುಕಬೇಕು?

ಹಳೇ ಡಿಸ್ಕಿನ ಸಿ ಡ್ರೈವ್ (ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿದಾಗ ಅದಕ್ಕೆ ಬೇರೆ ಅಕ್ಷರ ಬಂದಿರುತ್ತದೆ), ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇಲ್ಲಿವೆ. ಈ ಇಡೀ ಫೋಲ್ಡರನ್ನೇ ಎತ್ತಿಕೊಳ್ಳಿ. ಕ್ರೋಮ್ ಬುಕ್‌ಮಾರ್ಕ್‌ನಂಥವು ಆ್ಯಪ್‌ಡೇಟಾ ಅನ್ನುವ ಅಡಗಿಸಿಟ್ಟ ಫೋಲ್ಡರಿನಲ್ಲಿರುತ್ತವೆ.

ಹೊಸ ಡಿಸ್ಕಿಗೆ ಹಾಕುವಾಗ 'ಕಟ್' ಮಾಡಬೇಡಿ, 'ಕಾಪಿ' ಮಾಡಿ. ತೀರಾ ಬೇಕಾದದ್ದು ಮೊದಲು, ಸಿನಿಮಾಗಳು ಕೊನೆಗೆ. ಹಾಗೇ ಹಳೇ ಡಿಸ್ಕಿನ ಮೇಲೆ ಏನನ್ನೂ ಉಳಿಸಬೇಡಿ, ರಿಕವರಿ ತಂತ್ರಾಂಶವನ್ನಂತೂ ಅದರ ಮೇಲೆ ಇನ್‌ಸ್ಟಾಲ್ ಮಾಡಲೇಬೇಡಿ.

ಟ್ಯಾಲಿ ಎಲ್ಲಿದೆ ಅಂತ ಗೊತ್ತಿಲ್ಲದವರು ಬಹಳ. ಸಿ ಡ್ರೈವಿನಲ್ಲಿ ನೇರವಾಗಿ ಟ್ಯಾಲಿ ಹೆಸರಿನ ಫೋಲ್ಡರಿನಲ್ಲೋ, ಪ್ರೋಗ್ರಾಮ್ ಫೈಲ್ಸ್ ಒಳಗೋ, ಯೂಸರ್ಸ್ ಒಳಗಿನ ಪಬ್ಲಿಕ್‌ನಲ್ಲೋ ನೋಡಿ. ಅದರೊಳಗೆ 'ಡೇಟಾ' ಇರುತ್ತದೆ, ಡೇಟಾದೊಳಗೆ 10000 ತರಹ ಬರೀ ಅಂಕಿಯ ಹೆಸರಿನ ಫೋಲ್ಡರ್‌ಗಳು. ಒಂದೊಂದೂ ಒಂದು ಕಂಪನಿ. ತೋಟಕ್ಕೊಂದು, ಹೋಂಸ್ಟೇಗೊಂದು, ಮೆಣಸಿನ ವ್ಯಾಪಾರಕ್ಕೊಂದು ಲೆಕ್ಕ ಇಟ್ಟಿದ್ದರೆ ಮೂರೂ ಬೇಕು. ಒಳಗಿನ ಫೈಲ್ ಆರಿಸಿ ಆರಿಸಿ ತೆಗೆಯಬೇಡಿ, ಡೇಟಾ ಫೋಲ್ಡರನ್ನು ಇಡಿಯಾಗಿ ತನ್ನಿ. ಬ್ಯಾಕಪ್ ಅಂತ ಡಿ ಡ್ರೈವಿನಲ್ಲಿ ಬೇರೆ ಇಟ್ಟಿದ್ದರೆ ಅದನ್ನೂ ತನ್ನಿ. ಆದರೆ ಒಂದು ಮಾತು: ಸಿ ಮತ್ತು ಡಿ ಅನ್ನುವುದು ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಪಾಲು. ಒಂದೇ ತೋಟಕ್ಕೆ ಮಧ್ಯೆ ಬೇಲಿ ಹಾಕಿದ ಹಾಗೆ. ಸಿಯಿಂದ ಡಿಗೆ ಹಾಕಿದ್ದು ಬ್ಯಾಕಪ್ ಅಲ್ಲ.

ಇನ್ನು ಕನ್ನಡ ಫೈಲ್‌ಗಳ ವಿಷಯ. ಇದನ್ನು ಬೇರೆ ಯಾರೂ ಹೇಳಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಫೈಲ್ ಸಿಕ್ಕಿತು, ವರ್ಡ್‌ನಲ್ಲಿ ತೆರೆದಿರಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಕೊಂಬು, ಚುಕ್ಕಿ, ಬಾಲ. "ಎಲ್ಲಾ ಹಾಳಾಗಿದೆ" ಅಂತ ಅಳಿಸಬೇಡಿ! ಹಾಳಾಗಿಲ್ಲ. ಹಳೆಯ ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೇ ಕಾಣುತ್ತದೆ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ 'ಫಾಂಟ್ಸ್' ಇರುತ್ತದೆ. ನುಡಿ (Nudi), ಬಿಆರ್‌ಎಚ್ (BRH, ಬರಹದ ಫಾಂಟ್) ಅಂತ ಶುರುವಾಗುವ ಫೈಲ್‌ಗಳನ್ನು ಅಲ್ಲಿಂದಲೇ ತಂದು ಹೊಸದರಲ್ಲಿ ಹಾಕಿ. ಆ ಬರವಣಿಗೆಯನ್ನು ಆರಿಸಿ ಅದೇ ಫಾಂಟ್ ಕೊಟ್ಟರೆ ಕನ್ನಡ ವಾಪಸ್ ಬರುತ್ತದೆ. ವಂಶಾವಳಿ ಟೈಪ್ ಮಾಡಿದ ಹಿರಿಯರೊಬ್ಬರು ನನ್ನೆದುರು ಇದನ್ನು ನೋಡಿ, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ಆಮೇಲೆ ಅದನ್ನೆಲ್ಲ ಯೂನಿಕೋಡ್‌ಗೆ ಬದಲಿಸಿಟ್ಟುಕೊಂಡರು, ನೀವೂ ಹಾಗೆ ಮಾಡಿ. ನುಡಿ ಜೊತೆಯಲ್ಲೇ ಪರಿವರ್ತಕ ಸಿಗುತ್ತದೆ.

ಹಂತ 7: ಡಿಸ್ಕ್ ಸುಸ್ತಾಗಿದ್ದರೆ ಮೊದಲು ಪಡಿಯಚ್ಚು

ಕಾಪಿ ಅರ್ಧಕ್ಕೇ ನಿಲ್ಲುತ್ತಿದೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಬೇಕು, ಡ್ರೈವ್ ಬಂದು ಬಂದು ಮಾಯವಾಗುತ್ತಿದೆ. ಇಂಥ ಡಿಸ್ಕಿನಲ್ಲಿ ಕೆಲವು ಸೆಕ್ಟರ್ ಹಾಳಾಗಿರುತ್ತವೆ. ಸೆಕ್ಟರ್ ಅಂದರೆ ತಟ್ಟೆಯ ಮೇಲಿನ ತೀರಾ ಸಣ್ಣ ಖಾನೆ. ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ತೆರೆದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಂಡಿರುವುದು ಕಾಣುತ್ತದೆ. 05, ಸಿ5, ಸಿ6 ಅನ್ನುವ ಸಾಲುಗಳಲ್ಲಿ ಕೊನೆಯ ಕಾಲಮ್ಮಿನ ಸಂಖ್ಯೆ ಸೊನ್ನೆ ಬಿಟ್ಟು ಬೇರೆ ಏನಾದರೂ ಇದ್ದರೆ ಈ ಡಿಸ್ಕಿನ ಮೇಲೆ ಭರವಸೆ ಬೇಡ.

ಆಗ ಫೈಲ್ ಒಂದೊಂದಾಗಿ ಹುಡುಕುತ್ತಾ ಕೂರಬಾರದು. ಇಡೀ ಡಿಸ್ಕಿನ ಪಡಿಯಚ್ಚು ತೆಗೆದುಕೊಂಡು, ಮುಂದಿನ ಹುಡುಕಾಟವೆಲ್ಲ ಅದರ ಮೇಲೆ ಮಾಡಬೇಕು. ಇದಕ್ಕೆ ಡಿಸ್ಕ್ ಇಮೇಜ್ ಅಂತಾರೆ. ಫೋಟೋ ಅಲ್ಲ, ಡಿಸ್ಕಿನ ಮೊದಲ ಖಾನೆಯಿಂದ ಕೊನೆಯದರವರೆಗೆ ಇದ್ದದ್ದು ಇದ್ದಂತೆ ಒಂದೇ ದೊಡ್ಡ ಫೈಲಿನಲ್ಲಿ.

ಇದಕ್ಕೆ ಲಿನಕ್ಸಿನ ಡಿಡಿರೆಸ್ಕ್ಯೂ ಅನ್ನುವ ಉಚಿತ ತಂತ್ರಾಂಶ. ಕಾಫಿ ಕುಯ್ಯುವವರು ಕೈಗೆ ಸಿಗುವ ಹಣ್ಣು ಮೊದಲು ಕುಯ್ದು, ಎತ್ತರದ ಕೊಂಬೆಯದ್ದಕ್ಕೆ ಆಮೇಲೆ ಬರುತ್ತಾರಲ್ಲ, ಇದೂ ಹಾಗೇ. ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಮೊದಲು ಓದಿ, ಹಾಳಾದ ಜಾಗವನ್ನು ಸದ್ಯಕ್ಕೆ ಬಿಟ್ಟು, ಕೊನೆಗೆ ವಾಪಸ್ ಬಂದು ಅದನ್ನು ಪ್ರಯತ್ನಿಸುತ್ತದೆ. ಮಾಮೂಲಿ ಕಾಪಿ ಮೊದಲ ಹಾಳು ಖಾನೆಯ ಹತ್ತಿರವೇ ಹಟ ಹಿಡಿದು ಕೂತು ಡಿಸ್ಕನ್ನು ಕೊಲ್ಲುತ್ತದೆ.

ಡಿಡಿರೆಸ್ಕ್ಯೂಗೆ ಮೂರು ಹೆಸರು ಕೊಡಬೇಕು, ಇದೇ ಸಾಲಿನಲ್ಲಿ: ಕೆಟ್ಟ ಡಿಸ್ಕ್, ಪಡಿಯಚ್ಚಿನ ಫೈಲ್, ಮ್ಯಾಪ್ ಫೈಲ್. ಮೊದಲೆರಡು ತಿರುವುಮುರುವಾದರೆ ಕೆಟ್ಟ ಡಿಸ್ಕಿನ ಮೇಲೇ ಬರೆಯುವ ಅಪಾಯವಿದೆ, ಬರೆದರೆ ಅಲ್ಲಿಗೆ ಕತೆ ಮುಗಿಯಿತು. ಲಿನಕ್ಸಿನ 'ಡಿಸ್ಕ್ಸ್' ತೆರೆದು ಕಂಪನಿ ಹೆಸರು, ಅಳತೆ ನೋಡಿ ಯಾವುದು ಯಾವುದು ಅಂತ ಚೀಟಿಯಲ್ಲಿ ಬರೆದುಕೊಳ್ಳಿ, ಆಮೇಲೆ ಎಂಟರ್ ಒತ್ತಿ. ಮ್ಯಾಪ್ ಫೈಲಿನಲ್ಲಿ ಎಲ್ಲಿವರೆಗೆ ಓದಿ ಆಯಿತು ಅನ್ನುವ ಲೆಕ್ಕ ಇರುತ್ತದೆ. ಅದನ್ನು ಪಡಿಯಚ್ಚಿನ ಜೊತೆ ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಡಿ, ಪೆನ್‌ಡ್ರೈವ್ ಲಿನಕ್ಸಿನ ಒಳಗೆ ಇಟ್ಟರೆ ಆಫ್ ಆದ ಕೂಡಲೇ ಮಾಯ. ಈ ಫೈಲ್ ಇದ್ದರೆ ಕರೆಂಟ್ ಹೋಗಿ ನಿಂತರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟಾಗ ಬಿಟ್ಟಲ್ಲಿಂದಲೇ ಶುರುವಾಗುತ್ತದೆ. ದಿನಕ್ಕೆ ಆರು ಸಲ ಕರೆಂಟ್ ಹೋಗುವ ನಮ್ಮೂರಿಗೆ ಹೇಳಿ ಮಾಡಿಸಿದಂತಿದೆ.

ಎಷ್ಟು ಹೊತ್ತು ಅಂತ ಕೇಳಬೇಡಿ. ಗಟ್ಟಿಯಾಗಿರುವ 1 ಟಿಬಿ ಡಿಸ್ಕೇ ಹಳೇ ಯುಎಸ್‌ಬಿ 2 ಕಿಂಡಿಯಲ್ಲಿ ಒಂಬತ್ತು ಗಂಟೆಯ ಮೇಲೆ ತೆಗೆದುಕೊಳ್ಳುತ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿ ಇದ್ದರೆ ಅದಕ್ಕೇ ಹಾಕಿ. ಹಾಳಾದ ಡಿಸ್ಕಿಗೆ ದಿನಗಟ್ಟಲೆ ಆದದ್ದೂ ಇದೆ. ಮಧ್ಯೆ ಟಕ್ ಟಕ್ ಶುರುವಾದರೆ ಮಾತ್ರ ನಿಲ್ಲಿಸಿ.

ಪಡಿಯಚ್ಚು ಸಿಕ್ಕಿತು. ಈಗ ಅದನ್ನು ಟೆಸ್ಟ್‌ಡಿಸ್ಕ್ ಅನ್ನುವ ತಂತ್ರಾಂಶಕ್ಕೆ ಕೊಡಿ. ಹರಿದ ಪಹಣಿಯ ಚೂರು ಜೋಡಿಸಿ, ಫೋಲ್ಡರ್ ಮತ್ತು ಹೆಸರಿನ ಸಮೇತ ಫೈಲ್ ತೋರಿಸಲು ನೋಡುತ್ತದೆ. ಅದಕ್ಕೂ ಆಗದಿದ್ದರೆ ಅದರ ಜೊತೆಯಲ್ಲೇ ಬರುವ ಫೋಟೋರೆಕ್. ಇದು ಪಹಣಿಯನ್ನು ಕೇಳುವುದೇ ಇಲ್ಲ, ತೋಟಕ್ಕಿಳಿದು ಎಲೆ ನೋಡಿ ಗಿಡ ಗುರುತಿಸುವ ಜಾತಿ. ಫೋಟೋ, ವರ್ಡ್, ಪಿಡಿಎಫ್ ಯಾವುದಾದರೂ ಅದರ ಆರಂಭದ ಗುರುತು ನೋಡಿ ಎತ್ತಿಕೊಡುತ್ತದೆ. ಆದರೆ ಹೆಸರು, ಫೋಲ್ಡರ್ ಹೋಗಿರುತ್ತದೆ. ಹತ್ತಾರು ಸಾವಿರ ಅನಾಮಧೇಯ ಫೈಲ್ ಎದುರಿಗೆ ರಾಶಿ ಬಿದ್ದಾಗ ಗಾಬರಿ ಬೇಡ, ಅಳತೆ ಪ್ರಕಾರ ಜೋಡಿಸಿ ನೋಡಿ. ಕ್ಯಾಮೆರಾದ ಫೋಟೋಗಳು ದೊಡ್ಡವು, ಮೇಲೆ ಬರುತ್ತವೆ. ಕೆಳಗಿರುವ ಪುಟಾಣಿಗಳೆಲ್ಲ ಬ್ರೌಸರಿನ ಕಸ.

ಕೈತಪ್ಪಿ ಅಳಿಸಿದ ಫೈಲಿಗೂ ಇದೇ ದಾರಿ, ಹಾರ್ಡ್ ಡಿಸ್ಕ್ ಆದರೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಬೇಗ ಗುಡಿಸಿಬಿಡುತ್ತದೆ (ಟ್ರಿಮ್ ಅಂತ ಅದರ ಹೆಸರು). ಸಾಮಾನ್ಯವಾಗಿ ಏನೂ ಸಿಗಲ್ಲ.

ಹಂತ 8: ನಿಮ್ಮ ಕೈ ಮೀರಿದ್ದು

ಟಕ್ ಟಕ್ ಡಿಸ್ಕ್, ಸಿಡಿಲು ಬಡಿದು ಸದ್ದೇ ಇಲ್ಲದ ಡಿಸ್ಕ್, ನೀರು ಕುಡಿದ ಡಿಸ್ಕ್. ಈ ಮೂರು ಡೇಟಾ ರಿಕವರಿ ಲ್ಯಾಬಿಗೆ.

ಸಿಡಿಲಿಗೆ ಸಿಕ್ಕಿದ ಡಿಸ್ಕಿನಲ್ಲಿ ತಟ್ಟೆ ಚೆನ್ನಾಗಿದ್ದು, ಬೋರ್ಡಿನ ಒಂದು ಕಾಳಿನಷ್ಟು ಭಾಗ ಶಾರ್ಟ್ ಆಗಿರುವುದು ಮಾಮೂಲು. ಹಾಗಂತ ಅದೇ ಕಂಪನಿಯ ಇನ್ನೊಂದು ಡಿಸ್ಕಿನ ಬೋರ್ಡ್ ಬಿಚ್ಚಿ ಹಾಕಬೇಡಿ. ಇತ್ತೀಚಿನ ಪ್ರತಿ ಡಿಸ್ಕಿಗೂ ಅದರದೇ ಅಳತೆಗಳಿರುತ್ತವೆ, ಅವನ್ನು ಬರೆದ ಚಿಪ್ ಹಳೇ ಬೋರ್ಡಿನಲ್ಲಿದೆ. ಅದನ್ನೂ ಸಾಗಿಸಿ ಬೆಸುಗೆ ಹಾಕಬೇಕು. ಹಳೇ ಬೋರ್ಡ್ ಎಸೆಯಬೇಡಿ.

ನೀರಿನ ಡಿಸ್ಕ್ ಬಗ್ಗೆ 2018ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ಎಲ್ಲರೂ ಮಾಡಿದ ತಪ್ಪು ಒಂದೇ: ಒಣಗಿಸಿ ಆನ್ ಮಾಡಿದ್ದು. ಡಿಸ್ಕಿನ ಮುಚ್ಚಳದಲ್ಲಿ ಗುಂಡುಸೂಜಿ ತಲೆಯಷ್ಟು ತೂತಿರುತ್ತದೆ, 'ಇದನ್ನು ಮುಚ್ಚಬೇಡಿ' ಅಂತ ಪಕ್ಕದಲ್ಲೇ ಬರೆದಿರುತ್ತದೆ. ಉಸಿರಾಡುವ ಕಿಂಡಿ ಅದು. ಕೆಸರುನೀರು ಒಳಗೆ ಹೋಗುವುದೂ ಅಲ್ಲಿಂದಲೇ. ನೀರು ಆರಿದ ಮೇಲೆ ಕೆಸರು ತಟ್ಟೆಗೆ ಅಂಟಿ ಗಟ್ಟಿಯಾಗುತ್ತದೆ, ಆನ್ ಮಾಡಿದರೆ ಹೆಡ್ ಅದರ ಮೇಲೆ ಓಡುತ್ತದೆ. ಅದಕ್ಕೇ ಒದ್ದೆ ಡಿಸ್ಕನ್ನು ಒಣಗಿಸಬಾರದು. ಅಕ್ಕಿ ಡಬ್ಬಕ್ಕೂ ಬೇಡ, ಒಲೆಯ ಮೇಲಿನ ಅಟ್ಟಕ್ಕೂ ಬೇಡ. ಹೊರಗಿನ ಕೆಸರು ಒರೆಸಿ, ಒದ್ದೆಯಾಗಿರುವಂತೆಯೇ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆದಷ್ಟು ಬೇಗ ಲ್ಯಾಬಿಗೆ ತಲುಪಿಸಿ. ಆಗಲೇ ಒಣಗಿದ್ದರೆ ಮತ್ತೆ ನೆನೆಸಬೇಡಿ, ಹಾಗೇ ಕಳಿಸಿ.

ಒಳ್ಳೆಯ ಲ್ಯಾಬಿಗೆ ಬೆಂಗಳೂರಿಗೇ ಹೋಗಬೇಕಾಗಬಹುದು. ಹಾಗಾದರೆ ಬಸ್ಸಿನಲ್ಲಿ ನೀವೇ ಮಡಿಲಲ್ಲಿಟ್ಟುಕೊಂಡು ಹೋಗುವುದು ವಾಸಿ. ಕೊರಿಯರ್ ಆದರೆ ಸುತ್ತ ನಾಲ್ಕು ಬೆರಳು ದಪ್ಪದ ಮೆತ್ತೆ ಕೊಟ್ಟು, ಅಲುಗಾಡಿಸಿದರೆ ಸದ್ದು ಬರದಂತೆ ಪ್ಯಾಕ್ ಮಾಡಿ. ಡಿಸ್ಕಿನ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ.

ಕೊಡುವ ಮೊದಲು ಕೇಳಿ: ಪರೀಕ್ಷೆಗೇ ಎಷ್ಟು? ಫೈಲ್ ಸಿಗದಿದ್ದರೂ ಬಿಲ್ ಇದೆಯಾ? ದುಡ್ಡು ಕೊಡುವ ಮೊದಲು ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತೀರಾ? ಹೆಡ್ ಬದಲಿಸುವ ಕೆಲಸವಾದರೆ ಬಿಲ್ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಆಡಿಟರ್ ಬಳಿಯ ಬ್ಯಾಕಪ್‌ನಲ್ಲಿ ಇಲ್ಲದ ಕೊನೆಯ ಎರಡು ತಿಂಗಳ ಲೆಕ್ಕಕ್ಕೆ ಅಷ್ಟು ಸುರಿಯುವುದಕ್ಕಿಂತ ಮತ್ತೆ ಟೈಪ್ ಮಾಡುವುದೇ ಮೇಲು ಅನ್ನುವವನು ನಾನು. ತೀರಿಹೋದವರ ಫೋಟೋ ಆದರೆ ಆ ಲೆಕ್ಕ ನಿಮಗೇ ಬಿಟ್ಟದ್ದು.

ಹೋಂಸ್ಟೇ ನಡೆಸುವವರ ಡಿಸ್ಕಿನಲ್ಲಿ ಅತಿಥಿಗಳ ಆಧಾರ್, ಪಾಸ್‌ಪೋರ್ಟ್ ನಕಲು ಇರುತ್ತವೆ. ಸಿಕ್ಕವರ ಕೈಗೆ ಡಿಸ್ಕ್ ಕೊಟ್ಟು ಮರೆಯಬೇಡಿ, ಕೆಲಸ ಆದ ಮೇಲೆ ಕೇಳಿ ವಾಪಸ್ ಪಡೆಯಿರಿ.

ಫೈಲ್ ಎಲ್ಲ ಸಿಕ್ಕಿತು ಅಂತ ಅದೇ ದಿನ ಹಳೇ ಡಿಸ್ಕ್ ಗುಜರಿಗೆ ಹಾಕಬೇಡಿ. ಟ್ಯಾಲಿ ತೆರೆದು ಕೊನೆಯ ವೋಚರ್ ತಾರೀಖು ನೋಡಿ. ಫೋಟೋಗಳನ್ನು ಚಿಕ್ಕ ಚಿತ್ರದಲ್ಲಿ ನೋಡಿದರೆ ಸಾಲದು, ಕೆಲವನ್ನು ಪೂರ್ತಿ ತೆರೆಯಿರಿ. ಅರ್ಧ ಬೂದಿ ಬಣ್ಣ ಬಂದರೆ ಆ ಫೈಲ್ ಅರ್ಧವೇ ಸಿಕ್ಕಿದೆ. ಇನ್ನೊಂದು ನಕಲು ಬೇರೆ ಮನೆಯಲ್ಲಿ ಇಡುವವರೆಗೆ ಹಳೇ ಡಿಸ್ಕ್ ಡಬ್ಬದಲ್ಲೇ ಇರಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಎರಡು. ಆಮೇಲೆ ಗುಜರಿಗೆ ಹಾಕುವುದಾದರೆ ಮೊದಲು ಡ್ರಿಲ್ಲಿನಿಂದ ತಟ್ಟೆಗೆ ಎರಡು ತೂತು ಹೊಡೆಯಿರಿ. ಲ್ಯಾಪ್‌ಟಾಪ್ ಡಿಸ್ಕ್ ಆದರೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಅದರ ತಟ್ಟೆ ಸಾಮಾನ್ಯವಾಗಿ ಗಾಜಿನದು, ಸಿಡಿಯುತ್ತದೆ.